ಎರಡನೇ ಮಳೆ ಕೈಕೊಟ್ಟಿತು

ಕಾಲೇಜಿಗೆ ಸೇರಿದ ಮೊದಲ ದಿನ ಹಾಜರಿ ಕರೆಯುತ್ತಿದ್ದ ಸರ್ ನನ್ನ ಹೆಸರಿನ ಹತ್ತಿರ ಬಂದು ನಿಂತರು. ಕನ್ನಡಕ ಕೆಳಗಿಳಿಸಿ ನೋಡಿ, "ನೀ ಅಕಿ ತಂಗಿ ಏನವಾ?" ಅಂದರು. "ಹೌದ್ರಿ ಸರ್" ಅಂದೆ. "ಹಂಗಾದ್ರ ಅಕೌಂಟೆನ್ಸಿ ಒಳಗ ನೂರಕ್ಕ ನೂರು ಬರಬೇಕು ನೋಡು" ಅಂದರು. ಕ್ಲಾಸೆಲ್ಲ ನಕ್ಕಿತು. ನಮ್ಮ ಆಪಾ ಇದೇ ಕಾಲೇಜಿನಲ್ಲಿ ಓದಿ ಒಳ್ಳೆಯ ಹೆಸರು ಮಾಡಿ ಹೋದವಳು. ಅವತ್ತಿನಿಂದ ನಾನು ಪಾರ್ಟ್-2.

ಹಾಗಾಗಿ ಪಾರ್ಟ್-2 ಸಿನಿಮಾಗಳ ಬಗ್ಗೆ ಮಾತಾಡುವ ಹಕ್ಕು ನನಗೆ ಉಳಿದವರಿಗಿಂತ ಸ್ವಲ್ಪ ಹೆಚ್ಚೇ ಇದೆ ಅಂದುಕೊಂಡಿದ್ದೇನೆ. ಕಳೆದ ರಜೆಯಲ್ಲಿ ಅಮ್ಮಿ, ಆಪಾ, ನಾನು ಮೂವರೂ ಒಂದೇ ಮೊಬೈಲ್ ಮುಂದೆ ಕೂತು 'ಮುಂಗಾರು ಮಳೆ 2' ನೋಡಿದೆವು. ಅದು ಬಂದದ್ದು 2016ರ ಸೆಪ್ಟೆಂಬರಿನಲ್ಲಿ. ಹಳೆಯ ಸಿನಿಮಾದ ಮೇಲೆ ಈಗ ಯಾಕೆ ಸಿಟ್ಟು ಎಂದು ನೀವು ಕೇಳಬಹುದು. ಕಾರಣ ಹೇಳುತ್ತೇನೆ.

ಮೊದಲ 'ಮುಂಗಾರು ಮಳೆ' ತೆರೆಗೆ ಬಂದದ್ದು 2006ರ ಡಿಸೆಂಬರ್ 29ರಂದು. ಆಗ ನಾನಿನ್ನೂ ಹುಟ್ಟಿರಲಿಲ್ಲ. ಯೋಗರಾಜ್ ಭಟ್ಟರಿಗೆ ಆಗ ದೊಡ್ಡ ಹೆಸರಿರಲಿಲ್ಲ. ಗಣೇಶ್ ಅವರನ್ನು ಜನ ಟಿವಿಯ 'ಕಾಮಿಡಿ ಟೈಮ್' ಹುಡುಗ ಎಂದೇ ಗುರುತಿಸುತ್ತಿದ್ದರು. ಹೆಸರಿಲ್ಲದವರು ಸೇರಿ ಮಾಡಿದ ಆ ಸಿನಿಮಾ ಬೆಂಗಳೂರಿನಲ್ಲಿ ವರ್ಷಕ್ಕೂ ಹೆಚ್ಚು ಕಾಲ ಓಡಿತು. ಕಥೆ ದೊಡ್ಡದೇನಲ್ಲ. ಮಾಲ್ ಎದುರು ಹುಡುಗಿಯನ್ನು ನೋಡುತ್ತಾ ನಡೆದ ಪ್ರೀತಮ್ ಗುಂಡಿಗೆ ಬೀಳುತ್ತಾನೆ. ಮಡಿಕೇರಿಗೆ ಹೋದರೆ ಅಲ್ಲಿ ಅದೇ ನಂದಿನಿಯ ಮದುವೆ ತಯಾರಿ. ಸಿನಿಮಾದುದ್ದಕ್ಕೂ ತಾನೂ ನಕ್ಕು ನಮ್ಮನ್ನೂ ನಗಿಸಿದ ಹುಡುಗ, ಕೊನೆಗೆ ಆ ಮನೆಯ ಮರ್ಯಾದೆ, ಅನಂತನಾಗ್ ಮಾಡಿದ ಆ ತಂದೆಯ ಜೀವ, ಎರಡನ್ನೂ ನೆನೆದು ತನ್ನ ಪ್ರೀತಿಯನ್ನು ಬಿಟ್ಟುಕೊಟ್ಟು ವಾಪಸ್ ಬರುತ್ತಾನೆ. ದೇವದಾಸ ಎಂಬ ಮೊಲವೂ ಅವನ ಕೈಯಲ್ಲೇ ಪ್ರಾಣ ಬಿಡುತ್ತದೆ. ಅಮ್ಮಿಗೆ ಕನ್ನಡ ಅರ್ಧಂಬರ್ಧ. ಆದರೂ ಅಲ್ಲಿ ಪ್ರತಿ ಸಲ ದುಪಟ್ಟಾದ ಅಂಚು ಕಣ್ಣಿಗೆ ಹೋಗುತ್ತದೆ.

ನನಗೂ ಆ ಸಿನಿಮಾಕ್ಕೂ ಇನ್ನೊಂದು ಲೆಕ್ಕ ಇದೆ. ನಮ್ಮ ಮನೆಯಲ್ಲಿ ಉರ್ದು. ನನ್ನ ನಾಲಿಗೆಗೆ 'ಳ' ಬರುತ್ತಿರಲಿಲ್ಲ. ಏಳನೇ ಕ್ಲಾಸಿನಲ್ಲಿ ಎದ್ದು ನಿಂತು ಪಾಠ ಓದುವಾಗ 'ಮಳೆ' ಎನ್ನುವಲ್ಲಿ 'ಮಲೆ' ಎಂದೆ. ಎಲ್ಲರೂ ನಕ್ಕರು. ಆಮೇಲೆ ಎಷ್ಟೋ ದಿನ ಕನ್ನಡದಲ್ಲಿ ಬಾಯಿ ತೆರೆಯಲಿಲ್ಲ. ಆಗ ಆಪಾ ಈ ಸಿನಿಮಾದ ಹಾಡು ಹಾಕಿ, "ಹಾಡಿದವರು ಸೋನು ನಿಗಮ್. ಅವರ ಮನೆಯಲ್ಲೂ ಕನ್ನಡ ಇಲ್ಲ. ಕೇಳು" ಅಂದಳು. ಹಾಡಿನ ಜೊತೆ ಹಾಡುತ್ತಾ ಹಾಡುತ್ತಾ ನನ್ನ ನಾಲಿಗೆ ಮೇಲಕ್ಕೆ ಮಡಚುವುದನ್ನು ಕಲಿಯಿತು. ನಾಯಕಿ ಪೂಜಾ ಗಾಂಧಿ ಕೂಡ ಉತ್ತರ ಭಾರತದಿಂದ ಬಂದು ಕನ್ನಡ ಕಲಿತವರೇ. ಅಂಥ ಸಿನಿಮಾದ ಹೆಸರು ಹಾಕಿಕೊಂಡು ಇನ್ನೊಂದು ಬಂದರೆ ನಾನು ಸುಮ್ಮನೆ ನೋಡುವುದಿಲ್ಲ, ನಂಬಿಕೊಂಡು ನೋಡುತ್ತೇನೆ.

ಆ ನಂಬಿಕೆಗೆ ಸಿಕ್ಕಿದ್ದೇನು? ಈ ಸಲ ನಿರ್ದೇಶಕರು ಶಶಾಂಕ್. 'ಮೊಗ್ಗಿನ ಮನಸು' ಮಾಡಿದವರು, ಆದ್ದರಿಂದ ಕೆಲಸ ಬರದವರಲ್ಲ. ಹೀರೊ ಅದೇ ಗಣೇಶ್, ಹೆಸರು ಅದೇ ಪ್ರೀತಮ್. ನಾಯಕಿ ನೇಹಾ ಶೆಟ್ಟಿ, ಅವಳ ಹೆಸರೂ ನಂದಿನಿ. ಆದರೆ ಇವನು ಶ್ರೀಮಂತರ ಮನೆಯ ಮಗ, ಯಾವ ಹುಡುಗಿಯಾದರೂ ಇವನಿಗೆ ಬೇಗ ಬೇಜಾರಾಗುತ್ತದೆ. ಮಗನಿಗೆ ದೋಸ್ತ್ ಥರ ಇರುವ ಅಪ್ಪನಾಗಿ ರವಿಚಂದ್ರನ್ ಇದ್ದಾರೆ. ಖರ್ಚು ಕಣ್ಣಿಗೆ ಕಾಣುತ್ತದೆ. ಆದರೆ ಮೊದಲ ಪ್ರೀತಮ್‌ಗೆ ಕಳೆದುಕೊಳ್ಳಲು ಏನೋ ಇತ್ತು. ಇವನಿಗೆ ಎಲ್ಲವೂ ಇದೆ, ಬಿಟ್ಟುಕೊಡುವಂಥದ್ದು ಏನೂ ಇಲ್ಲ. ಹಾಗಾಗಿ ಅವನು ಅತ್ತರೂ ನಮಗೆ ಅಳು ಬರುವುದಿಲ್ಲ. ಇಂಟರ್ವಲ್‌ ಹೊತ್ತಿಗೇ ಅಮ್ಮಿ ಎದ್ದು ಅಡುಗೆಮನೆಗೆ ಹೊರಟರು. ಹೋಗುತ್ತಾ ಅಂದದ್ದು ಒಂದೇ ಮಾತು: "ಯೇ ಓ ಛೋಕ್ರಾ ನೈ ಜೀ." ಇವನು ಆ ಹುಡುಗ ಅಲ್ಲ. ಇಡೀ ವಿಮರ್ಶೆ ಅಷ್ಟರಲ್ಲೇ ಮುಗಿಯಿತು.

ಗೆಳತಿಯರ ಜೊತೆ ಇದನ್ನು ಮಾತಾಡಿದಾಗ ಒಬ್ಬಳು ವಾದ ಮಾಡಿದಳು. "ಅದು ಮುಂದುವರಿದ ಕಥೆಯೇ ಅಲ್ಲ, ಬೇರೆ ಕಥೆ. ಬೇರೆ ಸಿನಿಮಾ ಅಂತ ನೋಡು. ನಿನ್ನನ್ನ ಆಪಾ ಜೊತಿ ಹೋಲಿಸಿದ್ರ ನಿಂಗೆ ಸಿಟ್ಟು ಬರ್ತದಲ್ಲ?" ಈ ಮಾತು ನನಗೆ ಚುಚ್ಚಿತು. ಎರಡು ದಿನ ಯೋಚಿಸಿದೆ. ಅವಳ ಮಾತಿನಲ್ಲಿ ನ್ಯಾಯ ಇದೆ. ಅರ್ಜುನ್ ಜನ್ಯ ಅವರ ಸಂಗೀತದಲ್ಲಿ ಅರ್ಮಾನ್ ಮಲಿಕ್ ಹಾಡಿದ ಹಾಡು ನನ್ನ ಮೊಬೈಲಿನಲ್ಲಿ ಈಗಲೂ ಇದೆ. ಹೆಸರು ಬೇರೆ ಇದ್ದಿದ್ದರೆ ನಾನೂ ಸಿನಿಮಾವನ್ನು ಇಷ್ಟು ಬೈಯುತ್ತಿರಲಿಲ್ಲವೇನೊ. ಆದರೆ ಒಂದು ವ್ಯತ್ಯಾಸ ಇದೆ. ನಾನು ಆಪಾಳ ಹೆಸರು ಹೇಳಿಕೊಂಡು ಕಾಲೇಜಿಗೆ ಬರಲಿಲ್ಲ, ಹೆಸರು ನನ್ನ ಮೇಲೆ ಬಂದು ಕೂತಿತು. ಆ ಸಿನಿಮಾ ತಾನಾಗಿಯೇ ಹಳೆಯ ಬೋರ್ಡು ಹಾಕಿಕೊಂಡು ಬಂತು. ಬೋರ್ಡು ನೋಡಿ ಒಳಗೆ ಬಂದವರು ಹಳೆಯ ಸಾಮಾನು ಕೇಳುವುದು ತಪ್ಪಲ್ಲ.

ನಾವು ಕಾಮರ್ಸ್‌ನವರು ಗುಡ್‌ವಿಲ್ ಪಾಠ ಓದಿದ್ದೇವೆ. ಫರ್ಮಿಗೆ ಹೊಸ ಪಾಲುದಾರ ಬಂದರೆ ಅವನು ತನ್ನ ಪಾಲಿನ ಗುಡ್‌ವಿಲ್ ಹಣ ತರಬೇಕು. ಅದು ಹಳೆಯ ಪಾಲುದಾರರಿಗೆ ಅವರವರು ಬಿಟ್ಟುಕೊಟ್ಟ ಪಾಲಿನ ಪ್ರಕಾರ, ಅಂದರೆ ಸ್ಯಾಕ್ರಿಫೈಸಿಂಗ್ ರೇಷಿಯೊದಲ್ಲಿ ಹಂಚಿಕೆಯಾಗುತ್ತದೆ. ಅವನು ತರದಿದ್ದರೆ ಅವನ ಖಾತೆಗೆ ಡೆಬಿಟ್. 'ಮುಂಗಾರು ಮಳೆ'ಯ ಗುಡ್‌ವಿಲ್ ಬೆಳೆದದ್ದು ಒಬ್ಬ ಹುಡುಗ ಬಿಟ್ಟುಕೊಟ್ಟದ್ದರಿಂದ. ಎರಡನೆಯದು ತನ್ನದೇನನ್ನೂ ತರದೆ ಲಾಭದಲ್ಲಿ ಪಾಲು ಕೇಳಿತು. ಡೆಬಿಟ್ ಮಾಡದೆ ಬೇರೆ ದಾರಿ ಇಲ್ಲ.

ಹಾಗೆಂದು ಪಾರ್ಟ್-2 ಎಲ್ಲವೂ ಹೀಗೇ ಅಲ್ಲ. 2020ರಲ್ಲಿ ಬಂದ 'ಲವ್ ಮಾಕ್ಟೇಲ್' ನೋಡಿದವರಿಗೆ ನಿಧಿಮಾಳ ಸಾವು ನೆನಪಿರಬಹುದು. 2022ರ ಎರಡನೇ ಭಾಗದಲ್ಲಿ ಡಾರ್ಲಿಂಗ್ ಕೃಷ್ಣ ಆ ಸಾವನ್ನು ಮರೆಯಲಿಲ್ಲ. ಹೆಂಡತಿಯನ್ನು ಕಳೆದುಕೊಂಡ ಆದಿಯ ನೋವಿನಿಂದಲೇ ಕಥೆ ಮುಂದೆ ಹೋಗುತ್ತದೆ. ಕಳೆದ ವರ್ಷದ ಕ್ಲೋಸಿಂಗ್ ಬ್ಯಾಲೆನ್ಸ್ ಈ ವರ್ಷದ ಓಪನಿಂಗ್ ಬ್ಯಾಲೆನ್ಸ್ ಆಗಿ ಬಂದರೆ ಲೆಕ್ಕ ಕೂಡುತ್ತದೆ. 'ಮುಂಗಾರು ಮಳೆ 2' ಹಳೆಯ ಲೆಡ್ಜರಿನ ಹೊದಿಕೆ ಮಾತ್ರ ಉಳಿಸಿಕೊಂಡು ಒಳಗಿನ ಹಾಳೆಗಳನ್ನೆಲ್ಲ ಖಾಲಿ ಇಟ್ಟಿತು.

ಮಳೆಯ ಹೆಸರಿನ ಜೊತೆ ಆಟ ಆಡುವುದು ನಮ್ಮ ಕಡೆಯವರಿಗೆ ಸುಲಭವಲ್ಲ. ಕಿಣ್ಣಿ ಸುಲ್ತಾನದ ಹೊಲಗಳಲ್ಲಿ ಮುಂಗಾರು ಅಂದರೆ ತೊಗರಿ ಬಿತ್ತನೆ. ಮೊದಲ ಮಳೆ ನಂಬಿ ಬಿತ್ತುತ್ತಾರೆ. ಎರಡನೇ ಮಳೆ ಕೈಕೊಟ್ಟರೆ ಮೊಳಕೆ ನೆಲದಲ್ಲೇ ಒಣಗುತ್ತದೆ, ಮತ್ತೆ ಬೀಜ ತರಬೇಕು, ಮತ್ತೆ ಸಾಲ. ಮೊದಲ ಮಳೆ ಚೆನ್ನಾಗಿತ್ತು ಎಂದು ಯಾವ ಅಂಗಡಿಯವನೂ ಬೀಜ ಪುಕ್ಕಟೆ ಕೊಡುವುದಿಲ್ಲ.

ಈ ಲೇಖನ ಬರೆಯುತ್ತಿದ್ದೇನೆ ಎಂದು ಆಪಾಗೆ ಫೋನ್ ಮಾಡಿ ಹೇಳಿದೆ. ಅವಳು ಈಗ ಕಲಬುರಗಿಯಲ್ಲಿ ಬಿಕಾಂ ಓದುತ್ತಿದ್ದಾಳೆ. "ನನ್ನ ಹೆಸರು ಹಾಕಬೇಡ" ಅಂದಳು. ಹಾಕಿಲ್ಲ. ತಾನಾಗಿ ಬೆಳೆದ ಗುಡ್‌ವಿಲ್ಲನ್ನು ಪುಸ್ತಕದಲ್ಲಿ ತೋರಿಸುವಂತಿಲ್ಲ ಎಂದು ನಮಗೆ ಪಾಠ ಮಾಡಿದ ಸರ್‌ಗೆ ಇಲ್ಲಿಂದಲೇ ಒಂದು ವಿನಂತಿ. ಆಪಾ ಗಳಿಸಿದ ಹೆಸರು ಆಪಾಳ ಪುಸ್ತಕದಲ್ಲೇ ಇರಲಿ ಸರ್. ನನ್ನದನ್ನು ಸೊನ್ನೆಯಿಂದ ಬರೆದುಕೊಳ್ಳಿ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅಕೌಂಟೆನ್ಸಿಗೆ ನನಗೆ 68 ಬಂದಿದೆ. ನೂರು ಅಲ್ಲ, ಗೊತ್ತು. ಆದರೆ ಕನ್ನಡದಲ್ಲಿ 91. ಅಷ್ಟು ಆಪಾಗೂ ಬಂದಿರಲಿಲ್ಲ. ಬೇಕಾದರೆ ನನ್ನನ್ನು ಎಬ್ಬಿಸಿ ನಿಲ್ಲಿಸಿ 'ಮಳೆ' ಅನ್ನಲು ಹೇಳಿ, ಈಗ ಸರಿಯಾಗಿ ಅನ್ನುತ್ತೇನೆ.