ಅರ್ಧ ಹೆಜ್ಜೆ ಹಿಂದೆ

ಅಂಗವಿಕಲರ ಕ್ರೀಡೆಗೆ ನೆರವಾಗಬೇಕೆಂದು ಹೊರಡುವ ತರುಣರನ್ನು ಕಂಡರೆ ಯಾರಿಗಾದರೂ ಸಂತೋಷವಾಗಬೇಕು. ಆದರೆ ಆ ನೆರವು ಎಂಥದೆಂದು ವಿಚಾರಿಸುವುದೂ ಅಗತ್ಯ. ಕ್ರೀಡಾದಿನದಂದು ಬಂದು, ಬಾಳೆಹಣ್ಣು ಹಂಚಿ, ಚಪ್ಪಾಳೆ ತಟ್ಟಿ, ಭಾವಚಿತ್ರ ತೆಗೆಸಿಕೊಂಡು ಮರಳುವುದು ಕರುಣೆ. ಕರುಣೆ ಕೆಟ್ಟದ್ದೆಂದು ನಾನು ಹೇಳಲಾರೆ. ಆಟದ ಬಯಲಿನಲ್ಲಿ ಅದೊಂದೇ ಸಾಲದು ಎಂಬುದಷ್ಟೇ ನನ್ನ ವಾದ.

ಅಂಧರ ಓಟವನ್ನೇ ತೆಗೆದುಕೊಳ್ಳಿ. 'ಟಿ-11' ಎಂಬ ವರ್ಗದಲ್ಲಿ ಓಡುವವರೆಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳಬೇಕು. ಮಸುಕು ಬೆಳಕು ಕಂಡವರಿಗೂ ಏನೂ ಕಾಣದವರಿಗೂ ಭೇದವಿರಕೂಡದು. ಪಕ್ಕದಲ್ಲಿ ಜೊತೆ ಓಟಗಾರನೊಬ್ಬ. ಇಬ್ಬರ ಕೈಗಳ ನಡುವೆ ಒಂದು ಗೇಣುದ್ದದ ದಾರ. ತಿರುವು ಬಂದುದನ್ನೂ, ಮುಂದಿರುವವರು ಎಷ್ಟು ದೂರದಲ್ಲಿದ್ದಾರೆಂಬುದನ್ನೂ ಅವನು ಓಡುತ್ತಲೇ ಹೇಳಬೇಕು. ಎಳೆಯುವಂತಿಲ್ಲ, ತಳ್ಳುವಂತಿಲ್ಲ. ಕೊನೆಯ ಗೆರೆಯನ್ನು ಅವನೇ ಮೊದಲು ದಾಟಿದರೆ ಅವರ ಓಟವೇ ಅನರ್ಹ. ಹೀಗಾಗಿ ಜೊತೆಗಾರನು ತನ್ನವರಿಗಿಂತ ವೇಗವಾಗಿ ಓಡಬಲ್ಲವನಾಗಿರಬೇಕು, ಗುರಿಯ ಬಳಿ ಮಾತ್ರ ಅರ್ಧ ಹೆಜ್ಜೆ ಹಿಂದೆ ಉಳಿಯಬೇಕು.

ನಮ್ಮ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು 2018ರಲ್ಲಿ ಜಕಾರ್ತದಲ್ಲಿಯೂ 2023ರಲ್ಲಿ ಹಾಂಗ್‌ಝೌನಲ್ಲಿಯೂ ನಡೆದ ಏಷ್ಯನ್ ಪ್ಯಾರಾ ಕ್ರೀಡೆಗಳಲ್ಲಿ 1500 ಮೀಟರ್ ಓಟದ ಚಿನ್ನ ಗೆದ್ದವರು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಅವರೊಡನೆ ಓಡಿದವರು ರಾಹುಲ್ ಬಾಲಕೃಷ್ಣ. ಆ ಕೂಟದಲ್ಲಿಯೇ ಸಿಮ್ರನ್ ಶರ್ಮಾ 200 ಮೀಟರ್ ಓಟದಲ್ಲಿ ಕಂಚು ಪಡೆದಾಗ, ಜೊತೆಗಾರ ಅಭಯ್ ಸಿಂಗ್ ಅವರ ಕೊರಳಿಗೂ ಪದಕ ಬಿತ್ತು. ಜೊತೆ ಓಡುವುದು ಸೇವೆಯಲ್ಲ, ಕ್ರೀಡೆಯೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

"ಮೊದಲು ಮನಸ್ಸಿರಲಿ, ವಿದ್ಯೆ ತಾನಾಗಿ ಬರುತ್ತದೆ" ಎಂದು ಕೆಲವರು ಹೇಳುವುದುಂಟು. ತಾನಾಗಿ ಬರುವುದಿಲ್ಲ. ದಾರದ ಎರಡು ತುದಿಯ ಕೈಗಳು ಒಂದೇ ಲಯದಲ್ಲಿ ಬೀಸಬೇಕಾದರೆ ದಿನವೂ ಕೂಡಿ ಓಡಬೇಕು. ವಾರಕ್ಕೊಬ್ಬ ಹೊಸ ಸ್ವಯಂಸೇವಕ ಬಂದು ಹೋದರೆ, ಕಾಣದ ಹುಡುಗಿ ವಾರವಾರವೂ ಹೊಸಬನನ್ನು ನಂಬಲು ಮೊದಲಿನಿಂದ ಕಲಿಯಬೇಕಾಗುತ್ತದೆ. ಒಂದು ದಿನ ಅವನು ಬಾರದಿದ್ದರೆ ಅವಳ ಅಂದಿನ ಓಟವೇ ಇಲ್ಲ. ನಮ್ಮ ಉತ್ಸಾಹ ಆರಿದಾಗ ಅದರ ಬೆಲೆ ತೆರುವವಳು ಅವಳು.

ಆದುದರಿಂದ ಕಾಲೇಜುಗಳ ದೈಹಿಕ ಶಿಕ್ಷಣದ ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹ. ಪ್ರತಿವರ್ಷವೂ ಸ್ಪರ್ಧೆಗಳಲ್ಲಿ ನಾಲ್ಕನೆಯವರಾಗಿಯೋ ಐದನೆಯವರಾಗಿಯೋ ಬಂದು, ಆಯ್ಕೆಗೆ ಸಿಕ್ಕದೆ, ಓಟವನ್ನೇ ಬಿಟ್ಟುಬಿಡುವ ಒಳ್ಳೆಯ ಓಟಗಾರರು ಇರುತ್ತಾರೆ. ಅವರನ್ನು ಕರೆದು ಈ ವಿದ್ಯೆಯನ್ನು ಕಲಿಸಿರಿ. ಅವರ ಹೆಸರನ್ನು ಸಮಾಜಸೇವೆಯ ಪಟ್ಟಿಯಲ್ಲಿ ಬರೆಯದೆ ಕ್ರೀಡಾಪಟುಗಳ ಪಟ್ಟಿಯಲ್ಲಿಯೇ ಬರೆಯಿರಿ; ಹಾಜರಿಯ ರಿಯಾಯಿತಿಯನ್ನೂ ಪ್ರಶಸ್ತಿಪತ್ರವನ್ನೂ ಇತರ ಓಟಗಾರರಿಗೆ ಕೊಡುವಂತೆಯೇ ಅವರಿಗೂ ಕೊಡಿರಿ. ಬಾಳೆಹಣ್ಣು ಹಂಚುವವರು ಹೇಗೂ ಬರುತ್ತಾರೆ. ಬೆಳಗಿನ ಐದೂವರೆಗೆ, ಮಳೆಯಿದ್ದರೂ, ದಾರದ ಇನ್ನೊಂದು ತುದಿಯನ್ನು ಹಿಡಿಯಲು ಬರುವವರು ಬೇಕಾಗಿದ್ದಾರೆ.