ಇದ್ದವರು ಯಾರು, ಇಲ್ಲದವರು ಯಾರು?

ಇತ್ತೀಚೆಗೆ ಯಾವ ಸಭೆಗೆ ಹೋದರೂ 'ಅಸ್ತಿತ್ವ'ದ ಮಾತು ಕೇಳದೆ ನಾವು ಮನೆಗೆ ಮರಳಿದ್ದಿಲ್ಲ. ಪಕ್ಷದ ಅಸ್ತಿತ್ವ, ಜಾತಿಯ ಅಸ್ತಿತ್ವ, ಭಾಷೆಯ ಅಸ್ತಿತ್ವ, ಎಲ್ಲವೂ ಅಪಾಯದಲ್ಲಿವೆಯಂತೆ. ನಮ್ಮವರ ವೇದಿಕೆಗಳೂ ಇದಕ್ಕೆ ಹೊರತಲ್ಲ. ಮೈಕು ಕೈಗೆ ಸಿಕ್ಕರೆ ಸಾಕು, 'ನಮ್ಮ ವುಜೂದ್' ಎಂದು ಎದೆ ತಟ್ಟಿಕೊಳ್ಳುತ್ತಾರೆ. ಮೂವರೇ ಸದಸ್ಯರಿರುವ ಸಂಘವೂ 'ಅಸ್ತಿತ್ವಕ್ಕೆ ಬಂದಿದೆ' ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಆ ಸಭಾಂಗಣದ ಕಸ ಗುಡಿಸುವವಳ ಅಸ್ತಿತ್ವ ಮಾತ್ರ ಯಾರ ಭಾಷಣದಲ್ಲೂ ಬರುವುದಿಲ್ಲ.

ಉರ್ದು ಶಾಲೆಯಿಂದ ಕನ್ನಡ ಹೈಸ್ಕೂಲಿಗೆ ಬಂದ ನಮಗೆ ಈ ಶಬ್ದ ಮೊದಲಿನಿಂದಲೂ ತೊಡಕಿನದೇ. ಉರ್ದುವಿನಲ್ಲಿ 'ಹಸ್ತಿ' ಎಂದರೆ ಅಸ್ತಿತ್ವ, ಕನ್ನಡದಲ್ಲಿ ಆನೆ. ಆದರೂ ಇವು ದೂರದವಲ್ಲ. ಫಾರ್ಸಿಯ 'ಹಸ್ತ್', ಸಂಸ್ಕೃತದ 'ಅಸ್ತಿ' ಎರಡೂ ಒಂದೇ ಬೇರಿನವು. ಎರಡರ ಅರ್ಥವೂ 'ಇದೆ' ಎಂದೇ. ಅರಬಿಯ 'ವುಜೂದ್' ಬೇರೆ ದಾರಿಯದು. ಅದರ ಧಾತುವಿಗೆ 'ಕಂಡುಕೊಳ್ಳುವುದು' ಎಂಬ ಅರ್ಥ. ಅಂದರೆ ಇನ್ನೊಬ್ಬರ ಕಣ್ಣಿಗೆ ಬಿದ್ದವನೇ 'ಮೌಜೂದ್'. ಸೂಫಿಗಳು ಈ ಶಬ್ದದ ಮೇಲೆ ಶತಮಾನಗಟ್ಟಲೆ ವಾದ ಮಾಡಿದರು. ನಮ್ಮ ನವ್ಯರು ಸಾರ್ತ್ರ, ಕಾಮುಗಳನ್ನು ಓದಿ ಅಸ್ತಿತ್ವವಾದವನ್ನು ಒಂಟಿ ಗಂಡಸಿನ ಸಂಕಟಕ್ಕೆ ಕಟ್ಟಿಹಾಕಿದರು. ಅದರಲ್ಲಿ ಒಳ್ಳೆಯ ಕತೆಗಳು ಬಂದವು, ಇಲ್ಲವೆನ್ನುವುದಿಲ್ಲ.

ಆದರೆ ಬೀದಿಯ ಕನ್ನಡ ಈ ವಿಷಯದಲ್ಲಿ ಪಂಡಿತರಿಗಿಂತ ಜಾಣ. ಅದಕ್ಕೆ 'ಇರು' ಎಂಬ ಒಂದೇ ಮಾತು ಸಾಕು. ಬದುಕಿರುವುದೂ ಇರುವುದೇ, ವಾಸ ಮಾಡುವುದೂ ಇರುವುದೇ. ಮುದುಕರು 'ಇದ್ದರೆ ಮುಂದಿನ ವರ್ಷ ನೋಡೋಣ' ಎನ್ನುತ್ತಾರೆ. ಮನೆಗೆ ಬಂದವರಿಗೆ 'ಇರಿ, ಊಟ ಮಾಡಿಕೊಂಡು ಹೋಗಿ' ಎನ್ನುತ್ತೇವೆ. ಇದೇ ಕನ್ನಡ ಹಣವಂತರನ್ನು 'ಇದ್ದವರು' ಎಂದಿತು, ಬಡವರನ್ನು 'ಇಲ್ಲದವರು' ಎಂದಿತು. ಹೊಲವಿಲ್ಲ, ಮನೆಯಿಲ್ಲ ಎನ್ನುವುದು ಸರಿ. ಮನುಷ್ಯನೇ ಇಲ್ಲ ಎಂದು ಯಾರು ತೀರ್ಮಾನಿಸಿದರು? ದಿನಕ್ಕೆ ಹತ್ತು ಬಾರಿ ಈ ಮಾತಾಡುವ ನಮಗೆ ಒಮ್ಮೆಯೂ ನಾಲಿಗೆ ತಡವರಿಸಿಲ್ಲ.

ಇದು ಬರೀ ನುಡಿಗಟ್ಟಿನ ಮಾತಲ್ಲ. ಉತ್ತರ ಪ್ರದೇಶದ ಆಜಂಗಢದ ರೈತ ಲಾಲ್ ಬಿಹಾರಿ ಸಾಲ ಕೇಳಲು ಹೋದಾಗ ಕಂದಾಯ ದಾಖಲೆಯಲ್ಲಿ ತಾನು ಸತ್ತಿರುವುದು ತಿಳಿಯಿತು. ಜಮೀನು ಸಂಬಂಧಿಕರ ಪಾಲಾಗಿತ್ತು. ತಾನು ಬದುಕಿದ್ದೇನೆಂದು ತೋರಿಸಲು ಆತ 'ಮೃತಕ್' ಎಂದು ಹೆಸರಿಗೆ ಸೇರಿಸಿಕೊಂಡ, ತನ್ನಂಥವರ ಸಂಘ ಕಟ್ಟಿದ, 1989ರಲ್ಲಿ ಅಮೇಠಿಯಲ್ಲಿ ರಾಜೀವ್ ಗಾಂಧಿಯವರ ಎದುರು ಚುನಾವಣೆಗೂ ನಿಂತ. ದಾಖಲೆ ತಿದ್ದಿದ್ದು 1994ರಲ್ಲಿ. ಉಸಿರಾಡುವ ಮನುಷ್ಯನಿಗಿಂತ ಗುಮಾಸ್ತನ ಒಂದು ಗೆರೆ ಹೆಚ್ಚು 'ಇದೆ' ಎಂದಾಯಿತಲ್ಲ! ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ಪೌರತ್ವ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಅಸ್ತಿತ್ವದ ಭಾಷಣಕಾರರು ತಂತಮ್ಮವರನ್ನಷ್ಟೇ ಎಣಿಸಿದರು.

ನಮ್ಮ ಖಾಲಾ ಒಬ್ಬರು ಐವತ್ತು ವರ್ಷ ಬೀಡಿ ಕಟ್ಟಿದವರು. ಹೆಬ್ಬೆಟ್ಟಿನ ಗೆರೆ ಸವೆದುಹೋಗಿದೆ. ಪಿಂಚಣಿ ನಿಂತಿತೆಂದು ಅವರನ್ನು ಕರೆದುಕೊಂಡು ಒಂದು ಕಚೇರಿಗೆ ಹೋದೆವು. ಯಂತ್ರ ಮೂರು ಸಲ ಒಲ್ಲೆನೆಂದಿತು. "ಕಂಪ್ಯೂಟರಿನಲ್ಲಿ ನೀವು ಇಲ್ಲಮ್ಮ" ಎಂದ ಗುಮಾಸ್ತ.

"ಇದ್ದೀನಲ್ಲಪ್ಪ, ನಿನ್ನೆದುರಿಗೇ ನಿಂತಿದ್ದೀನಲ್ಲ" ಎಂದರು ಖಾಲಾ.

ಆತ ತಲೆಯೆತ್ತಲಿಲ್ಲ. ಸಾಹೇಬರು ಊಟಕ್ಕೆ ಹೋಗಿದ್ದಾರೆ, ಅಲ್ಲಿಯವರೆಗೆ "ಇರಿ" ಎಂದ. ಖಾಲಾ ನಾಲ್ಕು ಗಂಟೆಯವರೆಗೂ ಅಲ್ಲೇ, ಮೆಟ್ಟಿಲ ಮೇಲೆ ಇದ್ದರು.