ನೆಗಡಿ ಬಂತೂಂತ ಮೂಗು ಕೊಯ್ದವರು

ಗ್ಯಾಸ್ ಡಿಟೆಕ್ಟರ್ ರಾತ್ರಿ ಮೂರು ಗಂಟೆಗೆ ಕಿರುಚಿಕೊಂಡು, ಎದ್ದು ನೋಡಿದರೆ ಗ್ಯಾಸ್ ವಾಸನೆಯೇ ಇಲ್ಲ ಅಂದ್ರೆ ಮನುಷ್ಯ ಏನು ಮಾಡ್ತಾನೆ? ಮೊದಲ ದಿನ ಕಿಟಕಿ ತೆಗೀತಾನೆ. ಎರಡನೇ ದಿನ ಬೈತಾನೆ. ಮೂರನೇ ದಿನ ಫ್ಯೂಸ್ ಕಿತ್ತು ಪಕ್ಕಕ್ಕಿಟ್ಟು ಮಲಗ್ತಾನೆ. ನೆಗಡಿ ಬಂತೂಂತ ಮೂಗು ಕೊಯ್ಕೊಂಡ ಹಾಗೆ ಅನ್ನೋ ಗಾದೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಸಿಕ್ಕಿಲ್ಲ. ಇಲ್ಲಿ ಕೊಯ್ಯೋದು ನಿಜವಾಗಲೂ ಮೂಗನ್ನೇ.

ನಾವು ಹೇಳ್ತಿರೋದು ಅಮೆರಿಕದ ಕ್ಯಾಂಪಿಂಗ್ ಟ್ರೇಲರ್‌ಗಳ ಬಗ್ಗೆ. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗೋ ಪುಟ್ಟ ಮನೆ ಅದು. ಒಲೆ, ಬಿಸಿನೀರು, ಚಳಿಗೆ ಹೀಟರ್, ಎಷ್ಟೋ ಕಡೆ ಫ್ರಿಜ್ ಕೂಡ ನಡೆಯೋದು ಪ್ರೊಪೇನ್ ಮೇಲೆ. ಅದಕ್ಕೇ ಅಲ್ಲಿನ ಎನ್‌ಎಫ್‌ಪಿಎ 1192 ಮಾನದಂಡ ಗ್ಯಾಸ್ ಡಿಟೆಕ್ಟರ್ ಇರಲೇಬೇಕು ಅನ್ನುತ್ತೆ. ಅದನ್ನು ಕೂರಿಸೋದು ನೆಲದ ಹತ್ತಿರ. ಪ್ರೊಪೇನ್‌ನ ಅಣುತೂಕ 44, ಗಾಳಿಯದು ಸರಾಸರಿ 29. ಸೋರಿದ ಗ್ಯಾಸ್ ನೀರಿನ ಹಾಗೆ ಕೆಳಗೆ ಇಳಿದು ನಿಲ್ಲುತ್ತೆ.

ಒಂದು ಲೆಕ್ಕ ಹಾಕಿ ನೋಡಿ. 6 ಮೀಟರ್ ಉದ್ದ, 2.4 ಮೀಟರ್ ಅಗಲ, 2 ಮೀಟರ್ ಎತ್ತರದ ಟ್ರೇಲರ್ ಅಂದ್ರೆ ಸುಮಾರು 29 ಘನ ಮೀಟರ್ ಗಾಳಿ. ಗಾಳಿಯಲ್ಲಿ ಪ್ರೊಪೇನ್ 2.1% ಮುಟ್ಟಿದರೆ ಒಂದು ಕಿಡಿ ಸಾಕು. ಅಷ್ಟಾಗೋಕೆ ಬೇಕಾದದ್ದು ಸುಮಾರು 0.6 ಘನ ಮೀಟರ್ ಗ್ಯಾಸ್, ತೂಕದಲ್ಲಿ ಒಂದು ಕೆಜಿ ಮತ್ತೆ ಚೂರು. ಅಲ್ಲಿ ಎಲ್ಲರೂ ಬಳಸೋ 20 ಪೌಂಡ್ ಸಿಲಿಂಡರ್‌ನಲ್ಲಿ ಇರೋದು ಸುಮಾರು 9 ಕೆಜಿ. ಗ್ಯಾಸ್ ಸಮನಾಗಿ ಹರಡದೆ ನೆಲದ ಮೇಲೇ ಕೂರೋದರಿಂದ ನಿಜವಾದ ಲೆಕ್ಕ ಇನ್ನೂ ಕಡಿಮೆ. ಇಂಥ ಡಬ್ಬಿಯೊಳಗೆ ಮಕ್ಕಳನ್ನು ಮಲಗಿಸಿಕೊಂಡು ಫ್ಯೂಸ್ ಕೀಳ್ತಾರೆ.

ಇದು ನಮ್ಮ ಕ್ಯಾಂಪಸ್‌ಗೆ ಯಾಕೆ ಬೇಕು ಅಂತೀರಾ? ಆ ಡಿಟೆಕ್ಟರ್‌ಗಳ ಒಳಗೆ ಹೆಚ್ಚಾಗಿ ಇರೋದು ನಮ್ಮ ಲ್ಯಾಬ್‌ನ ಎಂಕ್ಯೂ-2ರ ಜಾತಿಯ ಸೆನ್ಸರೇ. ಜಪಾನಿನ ನಾವೊಯೋಶಿ ತಾಗುಚಿ 1962ರಲ್ಲಿ ಕಂಡುಹಿಡಿದ ಉಪಾಯ ಅದು. ಟಿನ್ ಡೈಆಕ್ಸೈಡ್ ಪುಡಿಯನ್ನು ಬಿಸಿ ಮಾಡಿ ಇಟ್ಟರೆ ಗಾಳಿಯ ಆಕ್ಸಿಜನ್ ಅದರ ಮೈಗೆ ಅಂಟಿಕೊಂಡು ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತೆ, ರೆಸಿಸ್ಟೆನ್ಸ್ ಜಾಸ್ತಿ ಇರುತ್ತೆ. ಉರಿಯುವ ಗುಣದ ಗ್ಯಾಸ್ ಬಂದಾಗ ಅದು ಆ ಆಕ್ಸಿಜನ್ ಜೊತೆ ಸೇರಿ ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತೆ, ರೆಸಿಸ್ಟೆನ್ಸ್ ಇಳಿಯುತ್ತೆ. ಇಷ್ಟೇ ಕಥೆ. ಗಮನಿಸಬೇಕಾದ್ದು ಒಂದೇ: ಬಂದ ಗ್ಯಾಸ್‌ನ ಹೆಸರು ಸೆನ್ಸರ್‌ಗೆ ಗೊತ್ತಿಲ್ಲ. ಪ್ರೊಪೇನ್, ಹೈಡ್ರೋಜನ್, ಆಲ್ಕೋಹಾಲ್, ಮೀಥೇನ್ ಎಲ್ಲಕ್ಕೂ ಅದರ ಉತ್ತರ ಹೆಚ್ಚು ಕಡಿಮೆ ಒಂದೇ.

ಹಾಗಾಗಿ ನಮ್ಮ ತಕರಾರು ಇರೋದು 'ಫಾಲ್ಸ್ ಅಲಾರಂ' ಅನ್ನೋ ಮಾತಿನ ಮೇಲೆ. ನಾವು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ಈ ಪದ ಯಾವತ್ತೂ ವಿಚಿತ್ರ ಅನ್ನಿಸಿರಲಿಲ್ಲ. ಕ್ಲಬ್ಬಿಗೋಸ್ಕರ ಕನ್ನಡದಲ್ಲಿ 'ಸುಳ್ಳು ಅಲಾರಂ' ಅಂತ ಬರೆದು ನೋಡಿದಾಗಲೇ ಒಂದು ಪ್ರಶ್ನೆ ಎದ್ದಿದ್ದು: ಸುಳ್ಳು ಹೇಳಿದ್ದು ಯಾರು? ಹಾಸ್ಟೆಲ್ ರೂಮಲ್ಲಿ ಹೊಡ್ಕೊಳ್ಳೋ ಡಿಯೋ ಡಬ್ಬಿ ತಿರುಗಿಸಿ ಓದಿ. ಎಷ್ಟೋ ಡಬ್ಬಿಗಳ ಮೇಲೆ ಬ್ಯೂಟೇನ್, ಐಸೋಬ್ಯೂಟೇನ್, ಪ್ರೊಪೇನ್ ಅಂತಲೇ ಇರುತ್ತೆ. ಸುಗಂಧವನ್ನು ಹೊರಗೆ ತಳ್ಳೋದು ಅದೇ. ನಮ್ಮ ಅಡುಗೆಮನೆಯ ಎಲ್‌ಪಿಜಿ ಅಂದ್ರೂ ಪ್ರೊಪೇನ್, ಬ್ಯೂಟೇನ್ ಮಿಶ್ರಣವೇ ತಾನೆ! ಟ್ರೇಲರ್‌ನಂಥ ಸಣ್ಣ ಜಾಗದಲ್ಲಿ ಯಾರಾದ್ರೂ ಹೇರ್‌ಸ್ಪ್ರೇ ಹೊಡೆದಾಗ ಡಿಟೆಕ್ಟರ್ ಕೂಗಿದರೆ ಅದು ಸುಳ್ಳಲ್ಲ, ಅಕ್ಷರಶಃ ನಿಜ. ಅಪಾಯ ಇಲ್ಲ ಅಷ್ಟೇ. ಅಪಾಯ ಇಲ್ಲದ್ದು ಬೇರೆ, ಸುಳ್ಳು ಬೇರೆ.

ಈ ವ್ಯತ್ಯಾಸ ಬರೀ ಪದಗಳ ಜಗಳ ಅನ್ನೋರಿಗೆ ಒಂದು ಘಟನೆ ಹೇಳ್ತೀವಿ. ನಮ್ಮ ಟೀಮಿನ ಒಬ್ಬಳ ಅಕ್ಕ, ಭಾವ ಟೆಕ್ಸಸ್‌ನಲ್ಲಿದ್ದಾರೆ. ಸೆಕೆಂಡ್‌ಹ್ಯಾಂಡ್ ಟ್ರೇಲರ್ ಒಂದನ್ನು ತಗೊಂಡಿದ್ದರು. ಕ್ಯಾಂಪ್‌ಗ್ರೌಂಡ್‌ನಲ್ಲಿ ಕರೆಂಟಿಗೆ ಪ್ಲಗ್ ಹಾಕಿ ನಿಲ್ಲಿಸಿದ ಎರಡು ರಾತ್ರಿಯೂ ಡಿಟೆಕ್ಟರ್ ಕೂಗಿತ್ತು. "ನೀವು ಗ್ಯಾಸ್ ಡಿಟೆಕ್ಟರ್ ಪ್ರಾಜೆಕ್ಟ್ ಮಾಡ್ತಿದ್ದೀರಲ್ಲ, ನೋಡ್ರಪ್ಪಾ" ಅಂತ ಅಕ್ಕ ವಿಡಿಯೋ ಕಾಲ್ ಮಾಡಿದರು. ಅವರಿಗೆ ಬೆಳಿಗ್ಗೆ ಎಂಟು, ನಮಗೆ ಸಂಜೆ ಆರೂವರೆ. ಭಾವನ ಕೈ ಆಗಲೇ ಫ್ಯೂಸ್ ಬಾಕ್ಸ್ ಹತ್ತಿರ ಇತ್ತು.

ಭಾವನ ವಾದ ಗಟ್ಟಿಯಾಗಿತ್ತು. ಎರಡನೇ ರಾತ್ರಿ ಮಲಗೋ ಮುಂಚೆ ಸಿಲಿಂಡರ್ ವಾಲ್ವ್ ಮುಚ್ಚಿ, ಪೈಪಲ್ಲಿ ಉಳಿದ ಗ್ಯಾಸನ್ನು ಒಲೆ ಹಚ್ಚಿ ಖಾಲಿ ಮಾಡಿ, ಕಿಟಕಿಗಳನ್ನ ಸ್ವಲ್ಪ ಹೊತ್ತು ತೆರೆದಿಟ್ಟು, ಆಮೇಲೆ ಮಲಗಿದ್ದರು. ಆದ್ರೂ ಕೂಗಿತ್ತು. "ಪ್ರೊಪೇನ್ ಇಲ್ಲವೇ ಇಲ್ಲ, ಮತ್ತೆ ಇದು ಕೂಗುತ್ತೆ ಅಂದ್ರೆ ಡಿಟೆಕ್ಟರೇ ಕೆಟ್ಟಿದೆ, ಸಿಂಪಲ್." ಪರೀಕ್ಷೆ ಚೆನ್ನಾಗಿತ್ತು, ಒಪ್ಪಲೇಬೇಕು. ಆದ್ರೆ ಅದರಿಂದ ಸಿಕ್ಕ ಉತ್ತರ 'ಪ್ರೊಪೇನ್ ಅಲ್ಲ' ಅಂತ ಮಾತ್ರ. 'ಏನೂ ಅಲ್ಲ' ಅಂತಲ್ಲ.

"ಭಾವ, ಡಿಟೆಕ್ಟರ್ ಹಿಂದೆ ತಯಾರಾದ ತಾರೀಖು ಇರುತ್ತೆ, ನೋಡಿ" ಅಂದ್ವಿ. ಮೂರು ವರ್ಷ ಆಗಿತ್ತು, ಆಯಸ್ಸು ಮುಗಿದಿರಲಿಲ್ಲ. ಬೇರೆ ಏನಾದ್ರೂ ವಾಸನೆ? "ಟಾಯ್ಲೆಟ್ ಟ್ಯಾಂಕ್‌ದು ಸ್ವಲ್ಪ ಬರುತ್ತೆ, ಕೊಳೆತ ಮೊಟ್ಟೆ ಥರ" ಅಂದರು ಅಕ್ಕ. ಬಾತ್‌ರೂಮಲ್ಲಿ ಜಾಸ್ತೀನಾ ಅಂತ ಕೇಳಿದ್ದಕ್ಕೆ, ಇಲ್ಲ, ಊಟದ ಟೇಬಲ್ ಹತ್ತಿರ ಅಂದರು. ಟ್ರೇಲರ್‌ಗಳಲ್ಲಿ ಬ್ಯಾಟರಿ ಸಾಮಾನ್ಯವಾಗಿ ಹೊರಗೆ, ಮುಂದಿನ ಎಳೆಯೋ ಕಂಬಿಯ ಮೇಲಿರುತ್ತೆ. ಇದರಲ್ಲಿ ಹಳೇ ಮಾಲೀಕರು ಅದನ್ನ ಒಳಗೆ, ಟೇಬಲ್ ಪಕ್ಕದ ಸೀಟಿನ ಕೆಳಗೆ ಇಟ್ಟುಬಿಟ್ಟಿದ್ದರು, ಬಹುಶಃ ಕಳ್ಳರ ಭಯಕ್ಕೆ. ಪ್ಲಗ್ ತೆಗೆಸಿ, ಬಾಗಿಲು ಕಿಟಕಿ ತೆರೆಸಿ, ಮಕ್ಕಳನ್ನ ಹೊರಗೆ ಕಳಿಸಿದ ಮೇಲೆ ಸೀಟು ಎತ್ತಿದರೆ ಬ್ಯಾಟರಿಯ ಒಂದು ಪಕ್ಕ ಉಬ್ಬಿತ್ತು, ಮುಟ್ಟೋಕಾಗದಷ್ಟು ಬಿಸಿ. ಲೆಡ್ ಆಸಿಡ್ ಬ್ಯಾಟರಿಯ ಒಂದು ಸೆಲ್ ಸತ್ತು ಚಾರ್ಜರ್ ಮಾತ್ರ ತುಂಬಿಸ್ತಾನೇ ಇದ್ದರೆ ಒಳಗಿನ ನೀರು ಒಡೆದು ಹೈಡ್ರೋಜನ್ ಬರುತ್ತೆ, ತೀರಾ ಬಿಸಿಯಾದರೆ ಹೈಡ್ರೋಜನ್ ಸಲ್ಫೈಡ್ ಕೂಡ. ಒಂದು ಸಿಡಿಯುತ್ತೆ, ಇನ್ನೊಂದು ವಿಷ. ಆ 'ಕೆಟ್ಟ' ಡಿಟೆಕ್ಟರ್ ಎರಡು ರಾತ್ರಿ ಹೇಳ್ತಾ ಇದ್ದದ್ದು ಇದನ್ನೇ. ಮೆಕ್ಯಾನಿಕ್ ಬಂದು ಬ್ಯಾಟರಿ ಬದಲಾಯಿಸಿ ಹೊರಗೆ ಕೂರಿಸಿಕೊಟ್ಟ.

ಎಲ್ಲಾ ಸಲವೂ ಇಷ್ಟು ದೊಡ್ಡ ಕಾರಣ ಇರಲ್ಲ, ನಿಜ. ಹೊಸ ಟ್ರೇಲರ್ ಆದರೆ ಪ್ಲೈವುಡ್, ಗೋಂದಿನ ಆವಿ. ಬಿಸಿಲಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದರೂ ಅದೇ. ಸಿಂಕ್ ಕೆಳಗಿನ ಬಾಗಿದ ಪೈಪಲ್ಲಿ ನಿಂತಿರಬೇಕಾದ ನೀರು ಆರಿಹೋದರೆ ಟ್ಯಾಂಕಿನ ಗ್ಯಾಸ್ ಮೇಲೆ ಬರುತ್ತೆ. ಒಂದು ಲೋಟ ನೀರು ಸುರಿದರೆ ಮುಗೀತು. ನಾಯಿ ಡಿಟೆಕ್ಟರ್ ಪಕ್ಕ ಮಲಗಿ ಹೂಸು ಬಿಟ್ಟರೂ ಕೂಗುತ್ತಂತೆ, ನಾಯಿ ಸಾಕಿದವರೇ ಹೇಳೋ ಮಾತು. ಬ್ಯಾಟರಿ ವೋಲ್ಟೇಜ್ ಇಳಿಯೋದು ಇನ್ನೊಂದು. ಚಳಿಗೆ ಹೀಟರ್ ಹಾಕಿ ಮಲಗಿದರೆ ಅದರ ಫ್ಯಾನ್ ರಾತ್ರಿಯಿಡೀ 12 ವೋಲ್ಟ್ ಬ್ಯಾಟರಿಯನ್ನ ಹೀರುತ್ತೆ, ಬೆಳಗಿನ ಜಾವದ ಹೊತ್ತಿಗೆ ಡಿಟೆಕ್ಟರ್‌ಗೆ ಸಾಕಾಗಲ್ಲ. ಆಗ ಬರೋ ಬೀಪ್ ಸಾಮಾನ್ಯವಾಗಿ ಗ್ಯಾಸ್ ಅಲಾರಂಗಿಂತ ಬೇರೆ ಥರ ಇರುತ್ತೆ. ಯಾವ ಬೀಪ್‌ಗೆ ಏನರ್ಥ ಅಂತ ಮ್ಯಾನುಯಲ್‌ನಲ್ಲಿ ಇರುತ್ತೆ, ಯಾರೂ ಓದಲ್ಲ. ಇನ್ನು ಟೆಸ್ಟ್ ಬಟನ್ ನಂಬಿಕೊಂಡವರಿಗೆ: ಅದು ಹೆಚ್ಚಾಗಿ ನೋಡೋದು ಬಝರ್, ಸರ್ಕ್ಯೂಟ್ ಸರಿ ಇದೆಯಾ ಅಂತ. ಸಿಲಿಕೋನ್ ಸೀಲೆಂಟ್ ಆವಿ ಕುಡಿದು ಸೆನ್ಸರ್ ಮಂಕಾಗಿದ್ದರೂ ಬಟನ್ ಒತ್ತಿದಾಗ ಚೆನ್ನಾಗೇ ಕೂಗುತ್ತೆ.

ಒಂದು ಮಾತ್ರ ಬಿಡಿಸಿ ಹೇಳಬೇಕು. ಕಾರಣ ಹುಡುಕೋದೆಲ್ಲ ಆಮೇಲಿನ ಮಾತು. ಕೂಗಿದ ತಕ್ಷಣ ಒಲೆ ಆರಿಸಿ, ಸ್ವಿಚ್ ಮುಟ್ಟದೆ, ಬಾಗಿಲು ತೆರೆದು ಎಲ್ಲರೂ ಹೊರಗೆ, ಹೊರಗಿಂದ ಸಿಲಿಂಡರ್ ವಾಲ್ವ್ ಬಂದ್. ಅಲಾರಂ ಕಾರ್ಬನ್ ಮಾನಾಕ್ಸೈಡ್‌ದಾಗಿದ್ದರೆ ಮೂಗನ್ನ ಕೇಳಲೇಬೇಡಿ, ಅದಕ್ಕೆ ವಾಸನೆಯೇ ಇಲ್ಲ. ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡೋದು ಬೆಳಕು ಹರಿದ ಮೇಲೆ.

ಹಾಗಂತ ಫ್ಯೂಸ್ ಕೀಳೋರೆಲ್ಲ ದಡ್ಡರು ಅಂತ ನಾವು ಹೇಳಲ್ಲ. ಆ ಡಿಟೆಕ್ಟರ್‌ಗಳಿಗೆ ಆಫ್ ಸ್ವಿಚ್ ಇರಲ್ಲ, ಟ್ರೇಲರ್ ಶೆಡ್‌ನಲ್ಲಿದ್ದರೂ ಬ್ಯಾಟರಿ ತಿಂತಾನೇ ಇರುತ್ತೆ. 100 ಮಿಲಿಆಂಪ್ ಅಂತ ಇಟ್ಕೊಂಡರೂ ದಿನಕ್ಕೆ 2.4 ಆಂಪ್-ಅವರ್, 100 ಆಂಪ್-ಅವರ್ ಬ್ಯಾಟರಿ ಮೂರು ವಾರದಲ್ಲಿ ಅರ್ಧ ಖಾಲಿ. ಹಾಗೆ ಕಿತ್ತ ಫ್ಯೂಸ್ ಮತ್ತೆ ಹಾಕೋಕೆ ಮರೀತಾರೆ. 'ತೋಳ ಬಂತು ತೋಳ' ಕಥೆಯಲ್ಲಿ ಹುಡುಗ ಬೇಕಂತಲೇ ಸುಳ್ಳು ಹೇಳಿದ್ದ, ಊರಿನವರು ಬರಲಿಲ್ಲ. ಇಲ್ಲಿ ಹುಡುಗ ಪಾಪ ನಾಯಿ, ನರಿ, ತೋಳ ಎಲ್ಲಕ್ಕೂ ಒಂದೇ ಕೂಗು ಕೂಗ್ತಾನೆ, ಯಾಕಂದ್ರೆ ಅವನಿಗೆ ಒಂದೇ ಪದ ಕಲಿಸಿರೋದು. ಅದು ಕಲಿಸಿದವರ ತಪ್ಪು. ಕಲಿಸಿದವರು ಅಂದ್ರೆ ಎಂಜಿನಿಯರ್‌ಗಳು.

ಅಲ್ಲಿನ ಯುಎಲ್ 1484 ಪ್ರಕಾರ ಸ್ಫೋಟದ ಕೆಳಮಿತಿಯ ನಾಲ್ಕನೇ ಒಂದು ಭಾಗ ದಾಟೋದರೊಳಗೆ ಅಲಾರಂ ಆಗಬೇಕು, ಪ್ರೊಪೇನ್‌ಗಾದರೆ 5,250 ಪಿಪಿಎಂ. ಮಿತಿ ತುಂಬ ಕೆಳಗಿಟ್ಟರೆ ಡಿಯೋಗೆಲ್ಲ ಕೂಗಿ ಫ್ಯೂಸ್ ಹಾರುತ್ತೆ, ಮೇಲಿಟ್ಟರೆ ಜೀವ ಹಾರುತ್ತೆ. ಸೆನ್ಸರ್ ಮುಂದೆ ಆಕ್ಟಿವೇಟೆಡ್ ಕಾರ್ಬನ್ ಫಿಲ್ಟರ್ ಇಟ್ಟು ಆಲ್ಕೋಹಾಲ್ ಆವಿ ತಡೆಯೋ ಮಾದರಿಗಳೂ ಇವೆ. ಇಷ್ಟೆಲ್ಲ ಯೋಚನೆ ಇರೋ ಜಾಗದಲ್ಲಿ, ಕ್ಯಾಂಪಸ್‌ನಲ್ಲಿ ಕೈಯಿಂದ ಕೈಗೆ ಓಡಾಡೋ ಆರ್ಡುಯಿನೋ ಕೋಡಿನಲ್ಲಿ ಬರೀ ಒಂದು ಸಾಲು: ರೀಡಿಂಗ್ 400 ದಾಟಿದರೆ ಬಝರ್. 400 ಏನು? ಪಿಪಿಎಂ ಅಲ್ಲ, ಸುಮಾರು 1.95 ವೋಲ್ಟ್. ಯಾವ ಗ್ಯಾಸಿಗೆ, ಎಷ್ಟು ಹೊತ್ತು ಬಿಸಿ ಮಾಡಿದ ಸೆನ್ಸರ್‌ಗೆ? ಡೇಟಾಶೀಟ್ 24 ಗಂಟೆಗಿಂತ ಹೆಚ್ಚು ಬಿಸಿ ಮಾಡಿ ಅನ್ನುತ್ತೆ, ಡೆಮೋ ನಡೆಯೋದು ಪ್ಲಗ್ ಹಾಕಿದ ಐದು ನಿಮಿಷಕ್ಕೆ.

ಹಾಗಾಗಿ ಮುಂದಿನ ಪ್ರಾಜೆಕ್ಟ್ ಎಕ್ಸ್‌ಪೋಗೆ ಕ್ಲಬ್ಬಿನ ಕಡೆಯಿಂದ ಒಂದು ಬೇಡಿಕೆ ಕೊಟ್ಟಿದ್ದೀವಿ. ಗ್ಯಾಸ್ ಡಿಟೆಕ್ಟರ್ ಮಾಡೋ ಪ್ರತಿ ಟೀಮೂ ಹಿಂದಿನ ದಿನವೇ ಅದನ್ನ ಆನ್ ಮಾಡಿ ಇಡಬೇಕು. ಲೈಟರ್ ಗ್ಯಾಸ್ ಬಿಟ್ಟು ಕೂಗಿಸಿದರೆ ಅರ್ಧ ಮಾರ್ಕ್ಸ್ ಅಷ್ಟೇ. ಡಿಯೋ, ಸ್ಯಾನಿಟೈಸರ್, ಒಗ್ಗರಣೆ ಹೊಗೆ ಇವುಗಳಿಗೆ ಎಷ್ಟು ರೀಡಿಂಗ್ ಬಂತು, ಆಗ ಮನೆಯವರು ಏನು ಮಾಡಬೇಕು ಅನ್ನೋದನ್ನ ಕನ್ನಡದಲ್ಲಿ ಬರೆದು ಡಬ್ಬಿಯ ಮೇಲೇ ಅಂಟಿಸಿರಬೇಕು. ಸ್ಯಾನಿಟೈಸರ್ ಬಾಟಲಿ ನಾವೇ ತರ್ತೀವಿ.